ಹದಿಹರೆಯದವರ ಡಿಸ್ಟೋಪಿಯನ್ ಥ್ರಿಲ್ಲರ್: ಸೆಳೆತ ಇರುವುದೆಲ್ಲಿ, ಕನ್ನಡದಲ್ಲಿ ಬರೆದಾಗ ಜಾರುವುದೆಲ್ಲಿ?

ಅರ್ಕಾವತಿ (ಪ್ರಶ್ನೆ)

ಹೈಸ್ಕೂಲು, ಪಿಯುಸಿ ವಯಸ್ಸಿನ ಓದುಗರು 'ದಿ ಹಂಗರ್ ಗೇಮ್ಸ್', 'ಡೈವರ್ಜೆಂಟ್', 'ದಿ ಮೇಜ್ ರನ್ನರ್' ಥರದ ಡಿಸ್ಟೋಪಿಯನ್ (ನರಕದಂಥ ಭವಿಷ್ಯದ ಸಮಾಜದ ಕಥೆಯ) ಪುಸ್ತಕ ಹಿಡಿದರೆ ಊಟಕ್ಕೆ ಕರೆದರೂ ಏಳುವುದಿಲ್ಲ. ಅದೇ ವಯಸ್ಸಿನವರಿಗೆಂದು ಕನ್ನಡದಲ್ಲಿ ಒಂದು ಕಾದಂಬರಿಯ ಕರಡು ನಡೆಯುತ್ತಿದೆ. ನೀರಿಲ್ಲದ ನಗರ, ಪಾಳು ಕಟ್ಟಡ, ಡ್ರೋನು, ಸರ್ವಾಧಿಕಾರಿ, ಓಡುವ ಹುಡುಗಿ ಎಲ್ಲವೂ ಇದೆ. ಕಥೆ ಹೀಗೆ: ಸರ್ಕಾರ ಪ್ರತಿವರ್ಷ 15 ತುಂಬಿದ ಕೆಲವು ಮಕ್ಕಳನ್ನು ಅಣೆಕಟ್ಟಿನ ಹೂಳೆತ್ತಲು ಎಳೆದೊಯ್ಯುತ್ತದೆ. ಆದರೆ 4ನೇ ಅಧ್ಯಾಯದ ಹೊತ್ತಿಗೆ ಎಲ್ಲ ಸಪ್ಪೆಯಾಗುತ್ತಿದೆ. ಆ ಪುಸ್ತಕಗಳ ಎಳೆತ ನಿಜವಾಗಿ ಎಲ್ಲಿಂದ ಬರುತ್ತದೆ? 'ಪಾತ್ರ ಗಟ್ಟಿಯಾಗಿರಲಿ' ಎಂಬಂಥ ಮಾತು ಬೇಡ, ಕೀಲು ಎಲ್ಲಿದೆ ಎಂದು ಬಿಚ್ಚಿ ತೋರಿಸಿ.

ನೀಲಿಶಾಯಿ

ನಿಮ್ಮ ಪಟ್ಟಿಯಲ್ಲಿರುವ ಪಾಳು ಕಟ್ಟಡ, ಡ್ರೋನು ಎಲ್ಲ ಬರೀ ಪರದೆ. ಓದುಗರನ್ನು ಹಿಡಿಯುವುದು ನಿಯಮ. ಒಂದೇ ಒಂದು ಅನ್ಯಾಯದ ನಿಯಮ, ಅದೂ ಓದುಗರು ಕೂತಲ್ಲೇ ಲೆಕ್ಕ ಹಾಕಬಹುದಾದಂಥದ್ದು.

2008ರಲ್ಲಿ ಬಂದ 'ದಿ ಹಂಗರ್ ಗೇಮ್ಸ್' ಮೊದಲ ಅಧ್ಯಾಯವನ್ನು ಪೆನ್ಸಿಲ್ ಹಿಡಿದು ಓದಿ. 12 ಜಿಲ್ಲೆ, ಪ್ರತಿ ಜಿಲ್ಲೆಯಿಂದ 12ರಿಂದ 18ರೊಳಗಿನ ಒಬ್ಬ ಹುಡುಗ, ಒಬ್ಬ ಹುಡುಗಿ, ಒಟ್ಟು 24 ಜನ. ಚೀಟಿ ಎತ್ತಿ ಆರಿಸಿದ ಇವರು ಒಬ್ಬರೇ ಉಳಿಯುವವರೆಗೆ ಅಖಾಡದಲ್ಲಿ ಕಾದಾಡಬೇಕು, ದೇಶವೆಲ್ಲ ಟಿವಿಯಲ್ಲಿ ನೋಡುತ್ತದೆ. ಇಷ್ಟೇ ಆಗಿದ್ದರೆ ಅದು ಲಾಟರಿ ಆಗುತ್ತಿತ್ತು. ಸುಝೇನ್ ಕಾಲಿನ್ಸ್ ಅದರ ಮೇಲೆ ಇನ್ನೊಂದು ಪದರ ಹಾಕಿದ್ದಾರೆ. 12 ತುಂಬಿದಾಗ ನಿಮ್ಮ ಹೆಸರಿನ ಚೀಟಿ ಒಂದು ಸಲ ಬೀಳುತ್ತದೆ, ವರ್ಷಕ್ಕೊಂದು ಕೂಡುತ್ತ ಹೋಗುತ್ತದೆ. ಮನೆಯಲ್ಲಿ ಹಸಿವಿದ್ದರೆ ಇನ್ನೊಂದು ಚೀಟಿ ಹಾಕಿಸಿಕೊಂಡು ಒಬ್ಬರಿಗೆ ವರ್ಷಕ್ಕಾಗುವ ಕಾಳು, ಎಣ್ಣೆ ಪಡೆಯಬಹುದು. ಮನೆಯ ಪ್ರತಿ ತಲೆಗೂ ಹೀಗೆ ಪಡೆಯಬಹುದು. ಆ ಚೀಟಿಗಳೂ ಮುಂದಿನ ವರ್ಷಕ್ಕೆ ಉಳಿಯುತ್ತವೆ.

ಈಗ ಕೂಡಿಸಿ. ನಾಯಕಿ ಕ್ಯಾಟ್ನಿಸ್‌ಗೆ 16. ತನ್ನ ಪಾಲಿನದು 5 ಚೀಟಿ. ತಾಯಿ, ತಂಗಿ, ತಾನು ಎಂದು ವರ್ಷಕ್ಕೆ 3ರಂತೆ 5 ವರ್ಷ, 15. ಒಟ್ಟು 20. ಗೆಳೆಯ ಗೇಲ್‌ಗೆ 18, ಮನೆಯಲ್ಲಿ ಐದು ಜನ: 7 ಮತ್ತು 35, ಒಟ್ಟು 42. ತಂಗಿ ಪ್ರಿಮ್‌ಗೆ 12, ಅಕ್ಕ ಅವಳಿಗೆ ಕಾಳಿನ ಚೀಟಿ ಹಾಕಿಸಲು ಬಿಟ್ಟಿಲ್ಲ: 1. ಈ ಮೂರು ಅಂಕಿ ತಲೆಯಲ್ಲಿ ಕೂತ ಮೇಲೆ ಓದುಗರು 42ಕ್ಕೆ ಹೆದರುತ್ತಾರೆ, 20ಕ್ಕೆ ಹೆದರುತ್ತಾರೆ. ಅಧ್ಯಾಯದ ಕೊನೆಯ ಸಾಲಿನಲ್ಲಿ ಬರುವುದು ಆ 1. ಹೊಡೆತ ಬೀಳುವುದು ಹೆಸರಿನಿಂದಲ್ಲ, ಓದುಗರು ತಾವೇ ಮಾಡಿಕೊಂಡಿದ್ದ ಲೆಕ್ಕ ತಲೆಕೆಳಗಾದದ್ದರಿಂದ.

ನಮ್ಮ ಓದುಗರಿಗೆ ಇದು ಇನ್ನೂ ಬೇಗ ತಾಕುತ್ತದೆ. ಪಡಿತರ ಎಂದರೇನು, ಚೀಟಿಯಲ್ಲಿ ಎಷ್ಟು ತಲೆ ಬರೆಸಿದೆ ಎನ್ನುವುದರ ಮೇಲೆ ಮನೆ ಹೇಗೆ ನಡೆಯುತ್ತದೆ ಎನ್ನುವುದನ್ನು ಯಾರೂ ವಿವರಿಸಬೇಕಿಲ್ಲ.

ನಿಮ್ಮ ಕರಡಿನಲ್ಲಿ 'ಕೆಲವು ಮಕ್ಕಳನ್ನು' ಎಂದಿದೆಯಲ್ಲ, ಸಪ್ಪೆಯಾಗುವುದು ಅಲ್ಲಿಂದಲೇ. ಯಾರನ್ನು, ಎಷ್ಟು, ಯಾವ ಲೆಕ್ಕದಲ್ಲಿ ಎಂದು ಗೊತ್ತಿಲ್ಲದ ಅಪಾಯಕ್ಕೆ ಹೆದರುವುದು ಕಷ್ಟ. ಇನ್ನೊಂದು ಅನುಮಾನ: ಮೊದಲ ಪುಟಗಳು 'ಮೂರನೇ ಮಹಾಯುದ್ಧದ ನಂತರ' ಎಂದು ಶುರುವಾಗುತ್ತವೆಯೇ? ಆಗಿದ್ದರೆ ಕತ್ತರಿಸಿ. ಪ್ಯಾನೆಮ್ ದೇಶದ ಇಡೀ ಚರಿತ್ರೆಯನ್ನು ಕಾಲಿನ್ಸ್ ಮೇಯರ್ ಓದುವ ಭಾಷಣಕ್ಕೆ ತುರುಕಿ ಮುಗಿಸಿಬಿಡುತ್ತಾರೆ. ಅದೂ ಚೀಟಿ ಎತ್ತುವ ಮೊದಲು, ಎಲ್ಲರ ಕಣ್ಣು ಗಾಜಿನ ಬುಟ್ಟಿಯ ಮೇಲಿರುವಾಗ.

ಪುಟದಂಚು

ನಿಯಮದ ಮಾತು ಒಪ್ಪುತ್ತೇನೆ, ಆದರೆ ಅದು ಅರ್ಧ. ನಿಯಮ ಎಷ್ಟೇ ಚೆನ್ನಾಗಿದ್ದರೂ ಅದು ನಾಯಕಿಯ ವಯಸ್ಸಿಗೆ ಬಂದು ಬಡಿಯದಿದ್ದರೆ ಅದು ದೊಡ್ಡವರ ಡಿಸ್ಟೋಪಿಯ. ಜಾರ್ಜ್ ಆರ್ವೆಲ್ ಬರೆದ 1949ರ '1984'ರಲ್ಲಿ ನಾಯಕ ವಿನ್‌ಸ್ಟನ್‌ಗೆ 39. ಅವನಿಗೆ ಹಳೆಯ ಲೋಕದ ನೆನಪಿನ ಚೂರು ಇದೆ, ಅದನ್ನು ಕಳೆದುಕೊಳ್ಳುವುದೇ ಅವನ ಕಥೆ. ಹದಿಹರೆಯದವರಿಗೆ ಕಳೆದುಕೊಳ್ಳಲು ಹಳೆಯ ಲೋಕ ಇಲ್ಲ. ಅವರು ಹುಟ್ಟಿದ್ದೇ ಆ ವ್ಯವಸ್ಥೆಯೊಳಗೆ, ಅದು ಸಹಜ ಎಂದೇ ನಂಬಿದವರು. ಹಾಗಾಗಿ ಅವರ ಕಥೆ ಕಂಡುಕೊಳ್ಳುವ ಕಥೆ.

ಕಂಡುಕೊಳ್ಳುವುದನ್ನು ಕಂತಿನಲ್ಲಿ ಕೊಡಬೇಕು. ಲೋಯಿಸ್ ಲೌರಿ 1993ರಲ್ಲಿ ಬರೆದ 'ದಿ ಗಿವರ್' ಇದಕ್ಕೆ ಪಾಠದಂತಿದೆ. ಅದಕ್ಕೆ ಅಮೆರಿಕದ ಮಕ್ಕಳ ಸಾಹಿತ್ಯದ 1994ರ ನ್ಯೂಬೆರಿ ಪದಕವೂ ಬಂತು. ಅದರ ನಾಯಕ, ಹುಡುಗ ಜೋನಾಸ್ ಗೆಳೆಯನ ಜೊತೆ ಸೇಬು ಎಸೆದು ಹಿಡಿಯುವ ಆಟ ಆಡುತ್ತಿರುತ್ತಾನೆ. ಗಾಳಿಯಲ್ಲಿದ್ದ ಸೇಬು ಒಂದು ಕ್ಷಣ 'ಬದಲಾಗುತ್ತದೆ'. ಕೈಗೆ ಬಂದಾಗ ಮೊದಲಿನಂತೆಯೇ ಇದೆ. ಗೆಳೆಯನಿಗೆ ಏನೂ ಕಂಡಿಲ್ಲ. ಹುಡುಗ ಅದನ್ನು ನಿಯಮ ಮೀರಿ ಮನೆಗೆ ಒಯ್ದು ಭೂತಗನ್ನಡಿಯಲ್ಲಿ ನೋಡುತ್ತಾನೆ, ಮತ್ತೆ ಮತ್ತೆ ಮೇಲಕ್ಕೆ ಎಸೆದು ಕಾಯುತ್ತಾನೆ. ಏನೂ ಆಗುವುದಿಲ್ಲ. ಇದು ನಡೆಯುವುದು 3ನೇ ಅಧ್ಯಾಯದಲ್ಲಿ. ಅವನು ಕಂಡದ್ದು ಕೆಂಪು ಬಣ್ಣ ಎಂದು ಯಾರಾದರೂ ಹೇಳುವುದು 12ನೇ ಅಧ್ಯಾಯದಲ್ಲಿ. ನಡುವಿನ ಅಷ್ಟೂ ಪುಟ ಓದುಗರು ತಮಗೆ ಗೊತ್ತಾದದ್ದನ್ನು ಹುಡುಗನಿಗೆ ಹೇಳಲಾಗದೆ ಒದ್ದಾಡುತ್ತಾರೆ. ಆ ಊರಿಗೆ ಬಣ್ಣವೇ ಇಲ್ಲ ಎಂದು ಲೇಖಕಿ ಅಲ್ಲಿಯವರೆಗೆ ಒಂದು ಸಲವೂ ಹೇಳಿರುವುದಿಲ್ಲ, ಗಮನಿಸಿ. ಬಂದೂಕಿಲ್ಲ, ಬೆನ್ನಟ್ಟುವವರಿಲ್ಲ. ಆದರೂ ಥ್ರಿಲ್ಲರ್.

ಎರಡನೆಯದು, ಆಯ್ಕೆ. ವೆರೋನಿಕಾ ರಾತ್ ಬರೆದ 2011ರ 'ಡೈವರ್ಜೆಂಟ್'ನಲ್ಲಿ 16ನೇ ವಯಸ್ಸಿಗೆ ಐದು ಪಂಗಡಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಐದು ಬೋಗುಣಿ: ಬೂದು ಕಲ್ಲು, ನೀರು, ಮಣ್ಣು, ಉರಿಯುವ ಕೆಂಡ, ಗಾಜು. ಅಂಗೈ ಕೊಯ್ದು ತನಗೆ ಬೇಕಾದ ಬೋಗುಣಿಯ ಮೇಲೆ ರಕ್ತ ಬೀಳಿಸಬೇಕು. ಆಮೇಲೆ ಹಿಂದಿರುಗುವ ಹಾಗಿಲ್ಲ, ತಂದೆ-ತಾಯಿಯ ಪಂಗಡವನ್ನು ಬಿಟ್ಟರೆ ಬಿಟ್ಟಂತೆಯೇ. ಪುಸ್ತಕ ಮುಚ್ಚಿದ ಮೇಲೂ 'ನಾನಾಗಿದ್ದರೆ ಯಾವುದಕ್ಕೆ?' ಎಂಬ ಪ್ರಶ್ನೆ ಓದುಗರ ಜೊತೆ ಹೊರಟುಬಿಡುತ್ತದೆ. ಎಸ್ಸೆಸ್ಸೆಲ್ಸಿ ಮುಗಿಸಿ ಸೈನ್ಸೋ ಕಾಮರ್ಸೋ ಆರ್ಟ್ಸೋ ಎಂದು ಒಂದು ವಾರದಲ್ಲಿ ಅರ್ಜಿ ತುಂಬುವ ನಮ್ಮ ಮಕ್ಕಳಿಗೆ ಆ ಬೋಗುಣಿ ಹೊಸದೇನಲ್ಲ.

ನಿಮ್ಮ ಹುಡುಗಿಯನ್ನು ಎಳೆದೊಯ್ಯುತ್ತಾರೆ ಅಂತೀರಿ. ಎಳೆದೊಯ್ದರೆ ಅವಳ ಮೇಲೆ ಕನಿಕರ ಬರುತ್ತದೆ, ಅಷ್ಟೆ. ಅವಳೇ ಸಹಿ ಹಾಕುವಂತೆ ಮಾಡಿ.

ಹಾಳೆಮಗ್ಗ

ಮೇಲಿನ ಎರಡೂ ಸರಿ, ಆದರೆ ಕನ್ನಡದಲ್ಲಿ ಬರೆಯುವವರು ಎಡವುವುದು ಕಥೆಯಲ್ಲಲ್ಲ, ಕ್ರಿಯಾಪದದಲ್ಲಿ.

ಈ ಪ್ರಕಾರದ ಬಹಳಷ್ಟು ಇಂಗ್ಲಿಷ್ ಪುಸ್ತಕಗಳು ಉತ್ತಮಪುರುಷದಲ್ಲಿ, ವರ್ತಮಾನಕಾಲದಲ್ಲಿ ಇವೆ. ಹೇಳುವವಳು ಬದುಕಿ ಉಳಿಯುತ್ತಾಳೋ ಇಲ್ಲವೋ ಅವಳಿಗೇ ಗೊತ್ತಿಲ್ಲ ಎಂಬ ಭಾವ ಅಲ್ಲಿಂದ ಬರುತ್ತದೆ. ಅದನ್ನು ನೋಡಿ ಕನ್ನಡದಲ್ಲೂ 'ಓಡುತ್ತೇನೆ' ಎಂದು ಬರೆದರೆ ಅದು ನಾಳೆ ಓಡುವ ಮಾತೂ ಆಗಬಹುದು, ದಿನಾ ಬೆಳಿಗ್ಗೆ ಓಡುವ ಅಭ್ಯಾಸವೂ ಆಗಬಹುದು. ಬೇಡವೆಂದು 'ಓಡುತ್ತಿದ್ದೇನೆ' ಎಂದರೆ ಐದು ಅಕ್ಷರ. ಹತ್ತು ವಾಕ್ಯ ಹೀಗೇ ಮುಗಿದರೆ ಕ್ರಿಕೆಟ್ ವೀಕ್ಷಕವಿವರಣೆ ಕೇಳಿದಂತಾಗುತ್ತದೆ. 'ಓಡಿದೆ' ಮೂರೇ ಅಕ್ಷರ. ಅದರಲ್ಲೇ 'ನಾನು' ಇದೆ, ಬೇರೆ ಸರ್ವನಾಮ ಬೇಕಿಲ್ಲ. ಉಸಿರುಗಟ್ಟುವ ದೃಶ್ಯಕ್ಕೆ ಕನ್ನಡದ ಭೂತಕಾಲ ಇಂಗ್ಲಿಷಿನ ವರ್ತಮಾನಕ್ಕಿಂತ ಚುರುಕು.

ಆದರೆ ಅದರಲ್ಲೊಂದು ಗುಂಡಿ ಇದೆ. 'ಬಾಗಿಲು ಮುಚ್ಚಿದೆ.' ನಾನು ಮುಚ್ಚಿದೆನೋ, ಬಾಗಿಲು ಮೊದಲೇ ಮುಚ್ಚಿತ್ತೋ? ಅದೇ ಮೂರಕ್ಷರ ಎರಡಕ್ಕೂ ಸಲ್ಲುತ್ತದೆ. ಮಾಮೂಲಿ ಕಥೆಯಲ್ಲಿ ಓದುಗರು ಹೊಂದಿಸಿಕೊಳ್ಳುತ್ತಾರೆ. ಬೆನ್ನ ಹಿಂದೆ ಯಾರೋ ಬರುತ್ತಿರುವಾಗ ಈ ಎರಡು ಅರ್ಥಗಳ ನಡುವೆ ಸಾವು-ಬದುಕಿನ ಅಂತರ, ಓದುಗರು ಅಲ್ಲಿ ನಿಂತು ಹಿಂದಿನ ಸಾಲಿಗೆ ಹೋಗುತ್ತಾರೆ, ಓಟ ಮುರಿಯುತ್ತದೆ. ಇಂಥ ಕಡೆ 'ಮುಚ್ಚಿಬಿಟ್ಟೆ' ಅಥವಾ 'ಮುಚ್ಚಿಕೊಂಡಿದೆ' ಎಂದು ಸ್ಪಷ್ಟ ಮಾಡಿ. 'ತೆರೆದಿದೆ', 'ಒಡೆದಿದೆ'ಗಳಲ್ಲಿ ಈ ತೊಡಕಿಲ್ಲ. 'ಮುಚ್ಚಿದೆ', 'ಅಡಗಿದೆ', 'ಸಿಕ್ಕಿದೆ'ಗಳಲ್ಲಿದೆ. ಕರಡು ಮುಗಿದ ಮೇಲೆ ಇವನ್ನು ಒಂದೊಂದಾಗಿ ಹುಡುಕಿ ನೋಡುವುದು ಒಳ್ಳೆಯದು.

ಇನ್ನು ಹೆಸರು. ಇಂಗ್ಲಿಷಿನಲ್ಲಿ ಸಾಮಾನ್ಯ ಪದದ ಮೊದಲ ಅಕ್ಷರವನ್ನು ದೊಡ್ಡದಾಗಿ ಬರೆದರೆ ಸಾಕು, ಅದು ಸರ್ಕಾರದ ಪದವಾಗಿಬಿಡುತ್ತದೆ. ನಮ್ಮ ಲಿಪಿಯಲ್ಲಿ ಆ ಅನುಕೂಲ ಇಲ್ಲ. 'ಆಟ' ಎಂದರೆ ಆಟವೇ. 'ದೊಡ್ಡಾಟ' ಎಂದು ಹಿಗ್ಗಿಸಿದರೆ ಉತ್ತರ ಕರ್ನಾಟಕದ ಓದುಗರಿಗೆ ಬಯಲಾಟದ ಮೇಳ ಕಣ್ಣಮುಂದೆ ಬರುತ್ತದೆ. ಸಂಸ್ಕೃತದಲ್ಲಿ ಹೊಸದಾಗಿ ಕಟ್ಟಿದರೆ ಪೌರಾಣಿಕ ನಾಟಕದಂತೆ ಕೇಳುತ್ತದೆ. ಕೆಲಸಕ್ಕೆ ಬರುವುದು ಹಳೆಯ ಕಂದಾಯದ ಪದಗಳು: ಜಮಾಬಂದಿ, ಪಹಣಿ, ಅಮಲು, ತನಿಖೆ, ಬಾಕಿ. ಮಕ್ಕಳನ್ನು ಎಣಿಸುವ ದಿನಕ್ಕೆ 'ಜಮಾಬಂದಿ' ಎಂದು ಹೆಸರಿಟ್ಟು ನೋಡಿ. ಪಂಚಾಯಿತಿ ಬೋರ್ಡಿನ ಮೇಲೆ ಈಗಲೂ ಕಾಣುವ ಪದ, ಒಂದಿಷ್ಟೂ ಕೃತಕವಲ್ಲ, ಅದಕ್ಕೇ ಭಯ ಹುಟ್ಟಿಸುತ್ತದೆ. ಹಾಗೆಯೇ 'ಕೊಯ್ಲು': ಬೆಳೆಗೂ ಅದೇ ಧಾತು, ಕುತ್ತಿಗೆಗೂ ಅದೇ.

ಸರ್ವಾಧಿಕಾರಿಯ ಅಬ್ಬರದ ಭಾಷಣಗಳನ್ನು ತೆಗೆಯಿರಿ. ನಮ್ಮಲ್ಲಿ ಅಧಿಕಾರ ಮಾತಾಡುವುದು ಕರ್ತೃವಿಲ್ಲದ ವಾಕ್ಯದಲ್ಲಿ:

'ಈ ಮೂಲಕ ತಿಳಿಯಪಡಿಸುವುದೇನೆಂದರೆ, 15 ವರ್ಷ ಪೂರ್ಣಗೊಂಡ ಎಲ್ಲರೂ ದಿನಾಂಕ 7ರೊಳಗೆ ಹಾಜರಿರತಕ್ಕದ್ದು. ಗೈರುಹಾಜರಾದವರ ಮನೆಯ ಹಂಚಿಕೆಯನ್ನು ಪರಿಷ್ಕರಿಸಲಾಗುವುದು.'

ಯಾರು ಪರಿಷ್ಕರಿಸುತ್ತಾರೆ ಎಂದು ಎಲ್ಲೂ ಇಲ್ಲ. ಬೈಗುಳ ಇಲ್ಲ, ಬೆದರಿಕೆ ಇಲ್ಲ. 'ಪರಿಷ್ಕರಿಸು' ಎಂದರೆ ನೀರು ನಿಲ್ಲಿಸುವುದು ಎಂದು 2ನೇ ಅಧ್ಯಾಯದಲ್ಲಿ ಒಂದು ಮನೆಯನ್ನು ತೋರಿಸಿ. ಆಮೇಲೆ ಆ ಪದ ಬಂದಾಗಲೆಲ್ಲ ಓದುಗರೇ ನಡುಗುತ್ತಾರೆ. ವಿಚಾರಣೆಯ ದೃಶ್ಯದಲ್ಲಿ ಅಧಿಕಾರಿ 'ನೀವು' ಎಂದು ಶುರುಮಾಡಿ ಎಲ್ಲಿ 'ನೀನು'ವಿಗೆ ಇಳಿಯುತ್ತಾನೆ ಎಂಬುದನ್ನು ಮೊದಲೇ ಗುರುತು ಹಾಕಿಕೊಳ್ಳಿ. ಒಂದು ದೃಶ್ಯದಲ್ಲಿ ಒಂದೇ ಸಲ. ಹುಡುಗಿ ಅವನಿಗೆ 'ನೀನು' ಎನ್ನುವ ಜಾಗವನ್ನು ಪುಸ್ತಕದ ಕೊನೆಯವರೆಗೆ ಕಾದಿರಿಸಿ. ಇಂಗ್ಲಿಷಿನವರ ಕೈಯಲ್ಲಿ ಈ ಆಯುಧ ಇಲ್ಲ.

ಅರ್ಕಾವತಿ

'ಮೂರನೇ ಮಹಾಯುದ್ಧದ ನಂತರ' ಎಂದೇ ಶುರುವಾಗಿತ್ತು, ತೆಗೆದಾಯಿತು. ಇನ್ನೆರಡು ಪ್ರಶ್ನೆ. ಹಿಂಸೆ ಎಷ್ಟು ತೋರಿಸಬೇಕು? ಓದುವವರು 13–14ರ ಮಕ್ಕಳು. ಮತ್ತೆ, ಮೂರು ಭಾಗ ಮಾಡಬೇಕೆಂಬ ಯೋಚನೆ ಇದೆ, ಸರಿಯೇ?

ಕಂಬಿಸಾಲು

ಹಿಂಸೆಗೆ ಉತ್ತರವೂ ಎಣಿಕೆಯಲ್ಲೇ ಇದೆ. 'ಹಂಗರ್ ಗೇಮ್ಸ್'ನಲ್ಲಿ ಪ್ರತಿ ಸಾವಿಗೆ ಒಂದು ಫಿರಂಗಿ ಸದ್ದು. ಮೊದಲ ದಿನದ ಕಾದಾಟ ನಿಂತ ಮೇಲೆ ಕ್ಯಾಟ್ನಿಸ್ ಎಣಿಸುತ್ತಾಳೆ: 11. ಉಳಿದವರು 13. ಆ ಹನ್ನೊಂದರಲ್ಲಿ ಹೆಚ್ಚಿನವು ಪುಟದ ಮೇಲೆ ನಡೆಯುವುದೇ ಇಲ್ಲ. ರಾತ್ರಿ ಆಕಾಶದಲ್ಲಿ ಸತ್ತವರ ಮುಖ ಮೂಡುತ್ತದೆ, ಅಷ್ಟೆ. ಹತ್ತಿರದಿಂದ ತೋರಿಸುವ ಸಾವು ಬೆರಳೆಣಿಕೆಯಷ್ಟು, ಅವು ಓದುಗರಿಗೆ ಹೆಸರು ಗೊತ್ತಿದ್ದವರದು. ದೂರದ್ದನ್ನು ಸದ್ದಿನಲ್ಲಿ ಮುಗಿಸಿ, ಹತ್ತಿರದ್ದನ್ನು ನಿಧಾನವಾಗಿ ಬರೆಯಿರಿ. ರಕ್ತ ಎಷ್ಟು ಲೀಟರ್ ಚೆಲ್ಲಿತು ಎಂಬುದರಿಂದ 13ರ ಓದುಗರಿಗೆ ಏನೂ ಸಿಗುವುದಿಲ್ಲ; ಆ ಸಾವಿನ ನಂತರ ಉಳಿದವರು ಏನು ಮಾಡಿದರು ಎಂಬುದರಿಂದ ಸಿಗುತ್ತದೆ.

ವೇಗದ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ, ಮೊದಲ ಪುಟದಿಂದಲೇ ಓಡಬೇಕು ಎಂದು. ಆ ಪುಸ್ತಕದಲ್ಲಿ 27 ಅಧ್ಯಾಯ, ಒಂಬತ್ತರಂತೆ ಮೂರು ಭಾಗ. ಅಖಾಡದ ಗಂಟೆ ಹೊಡೆಯುವುದು 11ನೇ ಅಧ್ಯಾಯದಲ್ಲಿ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬರೀ ತಯಾರಿ: ರೈಲು, ಬಟ್ಟೆ, ತರಬೇತಿ, ಸಂದರ್ಶನ. ಆದರೂ ಯಾರೂ ಪುಸ್ತಕ ಕೆಳಗಿಡುವುದಿಲ್ಲ, ಏಕೆಂದರೆ ದಿನ ಗೊತ್ತಾಗಿದೆ, ಅದು ಹತ್ತಿರ ಬರುತ್ತಿದೆ. ಆಮೇಲೆ 11ನೇ ಅಧ್ಯಾಯ ಶುರುವಾಗುವುದೇ 60 ಸೆಕೆಂಡಿನಿಂದ. ಲೋಹದ ತಟ್ಟೆಯ ಮೇಲೆ ಅಷ್ಟು ಹೊತ್ತು ನಿಲ್ಲಬೇಕು, ಮೊದಲೇ ಕಾಲಿಟ್ಟರೆ ಕೆಳಗಿನ ನೆಲಬಾಂಬು ಸಿಡಿಯುತ್ತದೆ. ಹತ್ತು ಅಧ್ಯಾಯ ಕಾದವರನ್ನು ಇನ್ನೂ ಒಂದು ನಿಮಿಷ ಕಾಯಿಸುತ್ತಾರೆ. ನಿಮ್ಮ 4ನೇ ಅಧ್ಯಾಯ ಸೊರಗಿದ್ದರೆ ಅಲ್ಲಿ ಓಟ ಕಡಿಮೆಯಾಗಿದೆ ಅಂತಲ್ಲ, ತಾರೀಕು ಇಲ್ಲ ಅಂತ. ಹಾಳೆಮಗ್ಗ ಬರೆದ ಆ 'ದಿನಾಂಕ 7' ಇದೆಯಲ್ಲ, ಅದನ್ನು 1ನೇ ಅಧ್ಯಾಯದ ಗೋಡೆಗೆ ಅಂಟಿಸಿ.

ಪ್ರೇಮ ಇಟ್ಟುಕೊಳ್ಳುವುದಾದರೆ ಅದಕ್ಕೂ ನಿಯಮದ ನಂಟು ಇರಲಿ. ಅಖಾಡದಲ್ಲಿ ಕ್ಯಾಟ್ನಿಸ್ ನೀರಿಗಾಗಿ ಬೇಡಿಕೊಂಡರೂ ನೋಡುಗರ ಹಣದಲ್ಲಿ ನೆರವು ಕಳಿಸಬಲ್ಲ ಮಾರ್ಗದರ್ಶಕ ಹೇಮಿಚ್ ಏನೂ ಕಳಿಸುವುದಿಲ್ಲ. ಆ ಮೌನವನ್ನೇ ಅವಳು ಓದಿಕೊಳ್ಳುತ್ತಾಳೆ: ನೀರು ಹತ್ತಿರದಲ್ಲೇ ಇರಬೇಕು. ಮುಂದೆ ತನ್ನದೇ ಜಿಲ್ಲೆಯ ಹುಡುಗ ಪೀಟಾಗೆ ಮುತ್ತಿಟ್ಟ ಸ್ವಲ್ಪ ಹೊತ್ತಿಗೆ ಒಂದು ಪಾತ್ರೆ ಬಿಸಿ ಸಾರು ಬಂದಿಳಿಯುತ್ತದೆ. ಮುತ್ತಿಗೆ ಬೆಲೆ ಕಟ್ಟಿದವರು ನೋಡುತ್ತಿದ್ದಾರೆ. ಆ ಪ್ರೇಮ ನಿಜವೋ ನಟನೆಯೋ ಎಂಬ ಅನುಮಾನ ಕೊನೆಯವರೆಗೂ ಎಳೆಯುವುದು ಆ ಸಾರಿನ ಪಾತ್ರೆಯಿಂದ.

ಮೂರು ಭಾಗದ ಯೋಚನೆಗೆ ನನ್ನ ಅಭಿಪ್ರಾಯ: ಬೇಡ, ಒಂದೇ ಬರೆಯಿರಿ. ಮೂರನೇ ಭಾಗದಲ್ಲಿ ವ್ಯವಸ್ಥೆ ಉರುಳಬೇಕು, ಅದರ ಜೊತೆ ನಿಯಮವೂ ಹೋಗುತ್ತದೆ, ನಿಯಮ ಹೋದರೆ ಗಡಿಯಾರ ನಿಲ್ಲುತ್ತದೆ. 'ಹಂಗರ್ ಗೇಮ್ಸ್' ಸರಣಿಯ ಮೂರನೆಯ ಪುಸ್ತಕ 'ಮಾಕಿಂಗ್‌ಜೇ'ಯಲ್ಲಿ ಅಖಾಡವೇ ಇಲ್ಲ. ಕಾಲಿನ್ಸ್ ರಾಜಧಾನಿಯ ಬೀದಿಗಳಲ್ಲಿ ಬಲೆಗಳನ್ನು ಹುಗಿದು ನಗರವನ್ನೇ ಅಖಾಡ ಮಾಡಿ ದಾಟಿದರು, ಅದು ಅವರ ಕೈಗುಣ. 'ಡೈವರ್ಜೆಂಟ್'ನ ಮೂರನೆಯದರಲ್ಲಿ ಪಂಗಡಗಳ ಹಿಂದೆ ಇದ್ದದ್ದು ಬೇರೆಯೇ ಪ್ರಯೋಗ ಎಂದು ತಿಳಿಯುತ್ತದೆ. ಓದುಗರು ಎರಡು ಪುಸ್ತಕ ತಲೆಯಲ್ಲಿಟ್ಟುಕೊಂಡಿದ್ದ ನಿಯಮದ ಅರ್ಥ ಕೊನೆಯಲ್ಲಿ ಬದಲಾದರೆ ಆಟದ ನಡುವೆ ಗೆರೆ ಅಳಿಸಿದಂತೆ. ಅದರ ಸಿನಿಮಾವನ್ನು ಎರಡು ತುಂಡು ಮಾಡಲು ಹೊರಟರು. ಮೊದಲ ತುಂಡು 2016ರಲ್ಲಿ ಬಂದು ಸೋತಿತು, ಎರಡನೆಯದು ಬರಲೇ ಇಲ್ಲ.

ಪುಟದಂಚು

ಒಂದು ಸೇರಿಸಬೇಕು. ಜನರಿಗೆ ಒಂದು ಸನ್ನೆ ಕೊಡಿ, ಆದರೆ ಅದನ್ನು ದಂಗೆಗೆಂದು ಹುಟ್ಟಿಸಬೇಡಿ. ಕಾಲಿನ್ಸ್ ಪುಸ್ತಕದ ಮೂರು ಬೆರಳು ಮೂಲದಲ್ಲಿ ಹಳೆಯ ಪದ್ಧತಿ, ಸಾವಿನ ಮನೆಯಲ್ಲಿ ಕಾಣುವಂಥದ್ದು: ಎಡಗೈಯ ನಡುವಿನ ಮೂರು ಬೆರಳನ್ನು ತುಟಿಗೆ ಒತ್ತಿ ಎದುರಿನವರತ್ತ ಚಾಚುವುದು. ಕೃತಜ್ಞತೆ, ಮೆಚ್ಚುಗೆ, ಪ್ರೀತಿಸಿದವರಿಗೆ ವಿದಾಯ. ಅರ್ಥ ಮೊದಲೇ ತುಂಬಿಕೊಂಡಿದ್ದರಿಂದ ಚೌಕದಲ್ಲಿ ಎಲ್ಲರೂ ಅದನ್ನು ಎತ್ತಿದಾಗ ಭಾಷಣ ಬೇಕಾಗಲಿಲ್ಲ. 2014ರ ಮೇ ತಿಂಗಳ ಸೇನಾ ಕ್ರಾಂತಿಯ ನಂತರ ಥಾಯ್ಲೆಂಡಿನ ವಿದ್ಯಾರ್ಥಿಗಳು ಮೂರು ಬೆರಳು ಎತ್ತಿದರು, ಎತ್ತಿದ್ದಕ್ಕೆ ಬಂಧನಕ್ಕೂ ಒಳಗಾದರು. 2021ರಲ್ಲಿ ಮ್ಯಾನ್ಮಾರಿನ ಬೀದಿಗಳಲ್ಲಿ ಅದೇ ಬೆರಳು ಕಂಡವು. ನಿಮ್ಮ ನೀರಿನ ನಗರದಲ್ಲಿ ಖಾಲಿ ಕೊಡವನ್ನು ಮನೆಮುಂದೆ ಬೋರಲು ಹಾಕುವುದು ಸಾಕು. ಮೊದಲು ಅದು ಸೂತಕದ ಗುರುತಾಗಿರಲಿ.

ಅರ್ಕಾವತಿ

ನಿಯಮವನ್ನು ಅಂಕಿಯಲ್ಲಿ ಬರೆಯಲು ನೋಡಿದೆ. ತಲೆಗೆ ದಿನಕ್ಕೆ 20 ಲೀಟರ್. 15 ತುಂಬಿದವರು ಹೂಳೆತ್ತಲು ಸಹಿ ಹಾಕಿದರೆ ಮನೆಗೆ ದಿನಕ್ಕೆ 60 ಲೀಟರ್ ಹೆಚ್ಚು. ಸರಿಹೋಗುತ್ತದೆಯೇ?

ನೀಲಿಶಾಯಿ

ದಿಕ್ಕು ಸರಿ, ಅಂಕಿ ತಪ್ಪು. ನಾಲ್ಕು ಜನರ ಮನೆ ಇಟ್ಟುಕೊಳ್ಳಿ, ದಿನಕ್ಕೆ 80 ಲೀಟರ್. ಒಬ್ಬಳು ಹೋದರೆ ಅವಳ ಪಾಲಿನ 20 ಕೈಬಿಡುತ್ತದೆ, 60. ಅದಕ್ಕೆ 60 ಸೇರಿಸಿದರೆ 120. ಇಷ್ಟು ಲಾಭ ಇದ್ದರೆ ಊರಿನ ಪ್ರತಿ ಮನೆಯೂ ಸಹಿ ಹಾಕುತ್ತದೆ, ಹಾಕದವರು ದಡ್ಡರಂತೆ ಕಾಣುತ್ತಾರೆ, ಸಂಕಟ ಉಳಿಯುವುದಿಲ್ಲ. 20 ಕೊಟ್ಟರೆ ಮತ್ತೆ 80ಕ್ಕೇ ಬಂದು ನಿಲ್ಲುತ್ತದೆ, ಮನೆಗೆ ಒಂದು ಹನಿಯೂ ಹೆಚ್ಚು ಬರುವುದಿಲ್ಲ.

30 ಇಡಿ. ಆಗ ಮನೆಗೆ ಬರುವುದು 90. ಸರ್ಕಾರದ ಭಿತ್ತಿಪತ್ರದಲ್ಲಿ '30 ಲೀಟರ್ ಹೆಚ್ಚುವರಿ' ಎಂದಿರುತ್ತದೆ, ಅದು ಸುಳ್ಳಲ್ಲ. ಉಳಿದ ಮೂವರಿಗೆ ತಲೆಗೆ 20 ಇದ್ದದ್ದು 30 ಆಗುತ್ತದೆ, ಅದೂ ಸುಳ್ಳಲ್ಲ, ಮನೆಯಲ್ಲಿ ಕಾಯಿಲೆಯ ತಮ್ಮ ಇದ್ದರೆ ಆ 30ರ ಆಸೆ ನಿಜವಾದದ್ದು. ಆದರೆ ಮಗಳನ್ನು ಕೊಟ್ಟ ಮನೆಗೆ ಒಟ್ಟಾರೆ ಹೆಚ್ಚು ಬಂದದ್ದು 10 ಲೀಟರ್. ಈ ಕಳೆಯುವ ಲೆಕ್ಕವನ್ನು ಪುಸ್ತಕದಲ್ಲಿ ಯಾರ ಬಾಯಿಂದಲೂ ಹೇಳಿಸಬೇಡಿ, ಹುಡುಗಿಯಿಂದಂತೂ ಬೇಡವೇ ಬೇಡ. ಕೊಡಕ್ಕೆ 10 ಲೀಟರ್ ಹಿಡಿಯುತ್ತದೆ ಎಂದು ಮೊದಲ ಪುಟದಲ್ಲೇ, ಬೇರೆ ಯಾವುದೋ ಮಾತಿನ ನಡುವೆ ಹೇಳಿಬಿಡಿ. ಅಮ್ಮ ದಿನಾ ಜಗಲಿಯ ಮೇಲೆ ಎಂಟು ಕೊಡ ಸಾಲಾಗಿ ಇಡುವುದು ಎರಡು ಮೂರು ಸಲ ಬರಲಿ. ಹುಡುಗಿ ಹೋದ ಮರುದಿನ ಬೆಳಿಗ್ಗೆ ಆ ಸಾಲಿನಲ್ಲಿ ಒಂಬತ್ತು ಇರಲಿ, ಅಧ್ಯಾಯ ಅಲ್ಲಿಗೇ ನಿಲ್ಲಲಿ.